ಗಂಟೆಯಿಲ್ಲದ ಹಾಲಿನ ಗಾಡಿ

ಮಾರ್ಚ್ 3, ಸೋಮವಾರ

ಇವತ್ತು ನಮ್ಮ ಗಂಟೆ ತೆಗೆದುಕೊಂಡು ಹೋದರು. ಹಾಲಿನ ಗಾಡಿಗೆ ಕಟ್ಟಿದ್ದ ಹಿತ್ತಾಳೆಯ ಗಂಟೆ. ಇನ್ನು ಮುಂದೆ ಊರಲ್ಲಿ ಗಂಟೆ ಬಾರಿಸಿದರೆ ಶತ್ರುವಿನ ವಿಮಾನ ಬಂತು ಎಂದೇ ಅರ್ಥವಂತೆ. ಶಾಲೆ, ಹಾಲು, ಹಳೇ ಪೇಪರು, ಯಾವುದಕ್ಕೂ ಗಂಟೆ ಕೂಡದು. ಪೊಲೀಸಿನವನು ರಸೀದಿ ಬರೆದುಕೊಟ್ಟ: "ಗಂಟೆ, ಒಂದು, ನಾಲಿಗೆ ಸಹಿತ."

"ನಾಲಿಗೆ ಬೇಕಿದ್ರೆ ನಂದೂ ಕಿತ್ಕೊಂಡು ಹೋಗಪ್ಪ, ಗಂಟೆಗಿಂತ ಜೋರಿದೆ," ಅಂದಳು ಅತ್ತೆ. ಪೊಲೀಸಿನವನು ನಗಲಿಲ್ಲ. ಅವನು ಹೋದ ಮೇಲೆ ಅಪ್ಪ ನಕ್ಕರು. ತಮ್ಮ ಅಕ್ಕನ ಮಾತಿಗೆ ಅಪ್ಪ ಯಾವಾಗಲೂ ಸ್ವಲ್ಪ ತಡವಾಗಿಯೇ ನಗುವುದು.

ಹೊಸ ನೋಟುಬುಕ್ಕು ಶುರು ಮಾಡಿದ್ದೇನೆ. ಮಧ್ಯಾಹ್ನದ ಬಿಡುವಿನಲ್ಲಿ, ಬಾಟಲಿ ತೊಳೆಯುವ ಕೋಣೆಯಲ್ಲಿ, ಮಗುಚಿಟ್ಟ ಕ್ರೇಟಿನ ಮೇಲೆ ಕೂತು ಬರೆಯುವುದು. ಕೂತರೆ ಕಾಲು ಸುಮ್ಮನಿರುವುದಿಲ್ಲ, ಅದಕ್ಕೇ ಅಕ್ಷರ ಅಲುಗಾಡಿದೆ. ಅಣ್ಣ ಯುದ್ಧಕ್ಕೆ ಹೋಗಿ ಐದು ತಿಂಗಳಾಯಿತು. ಅವನ ಹಿಂದೆಯೇ ನಮ್ಮ ವ್ಯಾನನ್ನೂ ಸೇನೆಯವರು ಒಯ್ದರು. ಈಗ ಇರುವುದು ಸೈಕಲ್ ಚಕ್ರದ ತಳ್ಳುಗಾಡಿ. ನಾಳೆಯಿಂದ ಅತ್ತೆ ಕೂಗುತ್ತಾ ಮುಂದೆ, ನಾನು ಬಾಟಲಿ ಎತ್ತಿ ಇಡುತ್ತಾ ಹಿಂದೆ.

"ಅಷ್ಟು ಸಾಹಿತ್ಯ ಓದಿದ್ದೀಯಲ್ಲ, ನೀನೇ ಕೂಗೇ," ಅಂದಳು ಅತ್ತೆ.

ನಾನು ಚಪ್ಪಲಿ ನೋಡಿಕೊಂಡು ನಿಂತೆ.

"ಬಿಡಿ ಅತ್ತಿಗೆ, ಅವಳ ದನಿ ಹೊಸ್ತಿಲು ದಾಟಲ್ಲ," ಅಂದಳು ಅಮ್ಮ. ನನ್ನ ಪರವಾಗಿಯೇ ಅಂದದ್ದು. ಆದರೂ ಮಧ್ಯಾಹ್ನವೆಲ್ಲ ಅದೇ ಕಿವಿಯಲ್ಲಿತ್ತು.

ಮಾರ್ಚ್ 7, ಶುಕ್ರವಾರ

ಸರ್ಕಾರದ ಫಾರಂ ಬಂದಿದೆ. ಜಾನುವಾರು ಇರುವ ಮನೆಯವರೆಲ್ಲ ತುಂಬಬೇಕು. "ನಿನ್ನ ಅಕ್ಷರ ಚೆನ್ನಾಗಿದೆ, ನೀನೇ ತುಂಬಮ್ಮ," ಅಂದರು ಅಪ್ಪ. ಮನೆಯಲ್ಲಿ ನನಗೆ ಸಿಕ್ಕ ಮೊದಲ ದೊಡ್ಡ ಕೆಲಸ. ಬಿಳಿ ಹಾಳೆಯ ಮೇಲೆ ಮೊದಲು ಪೆನ್ಸಿಲಿನಲ್ಲಿ ಅಭ್ಯಾಸ ಮಾಡಿ, ಆಮೇಲೆ ಶಾಯಿಯಲ್ಲಿ ಬರೆದೆ.

ಒಟ್ಟು ಹಸು: ಒಂಬತ್ತು. ಹಾಲು ಕೊಡುವವು: ಆರು. ಹಾಲು ಕೊಡದವು: ಮೂರು.

ಮೂರು ಅಂದರೆ ಬೂದಿ, ಕೆಂಚಿ, ಸೊಟ್ಟಕೋಡಿ. ನಮ್ಮ ಕೊಟ್ಟಿಗೆಯ ಅತ್ಯುತ್ತಮ ಮೂರು. ಏಪ್ರಿಲಿನಲ್ಲಿ ಈಯುತ್ತವೆ. ಈಯುವುದಕ್ಕೆ ಎರಡು ತಿಂಗಳು ಮೊದಲೇ ಅಪ್ಪ ಕರೆಯುವುದನ್ನು ನಿಲ್ಲಿಸಿ ಹಾಲು ಬತ್ತಿಸುತ್ತಾರೆ. ಅವು ತಿಂದದ್ದು ಹೊಟ್ಟೆಯ ಕರುವಿಗೆ ಸೇರಲಿ, ಕೆಚ್ಚಲಿಗೂ ವಿಶ್ರಾಂತಿ ಸಿಗಲಿ ಎಂದು. ಎಷ್ಟೇ ಗಿರಾಕಿ ಇರಲಿ, ಅಪ್ಪ ಇದರಲ್ಲಿ ಒಂದು ದಿನ ಆಚೀಚೆ ಮಾಡುವುದಿಲ್ಲ.

ಹಾಲು ಕೊಡುವ ಆರರಲ್ಲಿ ಅಜ್ಜಿಯನ್ನೂ ಸೇರಿಸಿದೆ. ನಮ್ಮ ಮನೆಯಲ್ಲಿ ಅಜ್ಜಿ ಅಂದರೆ ಹಸು. ಹದಿಮೂರು ವರ್ಷದವಳು. ಅಣ್ಣ ಹನ್ನೊಂದು ವರ್ಷದವನಿದ್ದಾಗ ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದ ತಬ್ಬಲಿ ಕರು. ಈಗ ಹೊತ್ತಿಗೆ ಎರಡು ಲೀಟರ್ ಕೊಟ್ಟರೆ ಹೆಚ್ಚು. ಆದರೆ ಅವಳು ಮುಂದೆ ನಡೆಯದೆ ಉಳಿದ ಎಂಟೂ ಒಂದು ಬಾಗಿಲೂ ದಾಟುವುದಿಲ್ಲ. ಬಯಲಿನಿಂದ ಬಂದು ಗೇಟಿನಲ್ಲಿ ನಿಲ್ಲುತ್ತವೆ, ಅಣ್ಣ "ಹೋ... ಬಾ ಬಾ ಬಾ" ಎಂದು ಕೂಗುತ್ತಿದ್ದ, ಅಜ್ಜಿ ತಲೆ ತಗ್ಗಿಸಿ ಒಳಗೆ ನಡೆದರೆ ಹಿಂದೆ ಸಾಲು. ಈಗ ಕೂಗು ಇಲ್ಲದೆಯೂ ಅಜ್ಜಿ ಗಡಿಯಾರ ನೋಡಿದ ಹಾಗೆ ಬರುತ್ತಾಳೆ.

ಫಾರಂ ನಾನೇ ಹೋಗಿ ಕಚೇರಿಯ ಡಬ್ಬಿಗೆ ಹಾಕಿ ಬಂದೆ. ಒಂದು ಚಿತ್ತೂ ಇಲ್ಲದ ಫಾರಂ.

ಮಾರ್ಚ್ 12, ಬುಧವಾರ

ಕಚೇರಿಯ ಗೋಡೆಗೆ ಪ್ರಕಟಣೆ ಹಚ್ಚಿದ್ದಾರೆ. ಗಾಡಿ ನಿಲ್ಲಿಸಿ ಅತ್ತೆಗೆ ಓದಿ ಹೇಳಿದೆ. ಓದುತ್ತಾ ಓದುತ್ತಾ ನನ್ನ ದನಿ ಇಳಿಯಿತು. ಹಾಲು ಕೊಡದ ಹಸುಗಳಿಗೆ ಮೇವು ಹಾಕುವುದು ಯುದ್ಧಕಾಲದಲ್ಲಿ ವ್ಯರ್ಥ. ಫಾರಂನಲ್ಲಿ ತೋರಿಸಿದ ಅಂಥ ಹಸುಗಳನ್ನು 20ನೇ ತಾರೀಕು ಲಾರಿ ಬಂದು ಸೇನೆಯ ಮಾಂಸದ ವಿಭಾಗಕ್ಕೆ ಒಯ್ಯುತ್ತದೆ.

"ಎಷ್ಟು ಅಂತ ಬರೆದೆ?" ಅಂದಳು ಅತ್ತೆ.

"ಮೂರು."

"ಗಬ್ಬ ಅಂತ ಬರೆದಿಯಾ?"

"ಅದಕ್ಕೆ ಕಾಲಂ ಇರಲಿಲ್ಲ."

ಅತ್ತೆ ಗಾಡಿಯ ಹಿಡಿ ಬಿಟ್ಟು ಸೆರಗಿನಿಂದ ಮುಖ ಒರೆಸಿಕೊಂಡಳು. "ಕಾಲಂ ಇರಲಿಲ್ಲವಂತೆ. ಇದಕ್ಕೆ ನಾವು ಇವಳನ್ನ ಓದಿಸಿದ್ವಿ."

ಮನೆಯಲ್ಲಿ ಅಪ್ಪ ಬೈಯಲಿಲ್ಲ. "ಹಾಲು ಕೊಡಲ್ಲ ಅಂದ್ರೆ ಕೊಡಲ್ಲ. ಇದ್ದದ್ದನ್ನೇ ಬರೆದಿದ್ದಾಳೆ," ಅಂದು ಮೊಣಕಾಲು ಹಿಡಿದುಕೊಂಡು ಎದ್ದು ಕೊಟ್ಟಿಗೆಗೆ ಹೋದರು. ಬೈದಿದ್ದರೆ ಚೆನ್ನಾಗಿತ್ತು.

ಮಾರ್ಚ್ 13, ಗುರುವಾರ

ಬೆಳಗ್ಗೆಯೇ ಎರಡು ಪುಟದ ಅರ್ಜಿ ಬರೆದೆ. ಗರ್ಭ, ಭವಿಷ್ಯ, ನಾಳಿನ ಹಾಲು ಎಂಬ ಮಾತುಗಳೆಲ್ಲ ಇದ್ದವು. ಈಗ ಓದಿದರೆ ನಾಚಿಕೆಯಾಗುತ್ತದೆ.

ಎರಡು ತಾಸು ಸಾಲು. ಕಿಟಕಿಯ ಹಿಂದಿನ ಗುಮಾಸ್ತರು ಅರ್ಜಿಯನ್ನು ಮುಟ್ಟಲಿಲ್ಲ. "ಬಾಯಲ್ಲಿ ಹೇಳಮ್ಮ."

ಹೇಳಿದೆ.

"ಜೋರಾಗಿ ಹೇಳು, ಕೇಳಿಸ್ತಿಲ್ಲ."

ಹಿಂದಿದ್ದವರೆಲ್ಲ ನನ್ನ ಕುತ್ತಿಗೆಯನ್ನೇ ನೋಡುತ್ತಿದ್ದಾರೆ ಅನಿಸಿತು. ಮತ್ತೆ ಹೇಳಿದೆ. ಮೊದಲಿಗಿಂತ ಸಣ್ಣಗೆ ಬಂತು. ಹಿಂದಿನ ಮುದುಕರು ಪಾಪ ನನ್ನ ಪರವಾಗಿ ಕೂಗಿ ಹೇಳಿದರು, "ಹಸು ಗಬ್ಬವಂತೆ ಸ್ವಾಮಿ!" ಸಾಲೆಲ್ಲ ನಕ್ಕಿತು.

"ಪಶುವೈದ್ಯರ ಚೀಟಿ ತಾ," ಅಂದರು ಗುಮಾಸ್ತರು.

"ಅವರನ್ನ ಯುದ್ಧಕ್ಕೆ ಕಳಿಸಿದ್ದೀರಲ್ಲ," ಎಂದು ಹೇಳಬೇಕಿತ್ತು. ಆ ಮಾತು ಹೊಳೆದದ್ದು ಮನೆಯ ಗೇಟಿನ ಹತ್ತಿರ.

ಮಾರ್ಚ್ 15, ಶನಿವಾರ

ಮನೆಯಲ್ಲಿ ಯಾರೂ ಒಂದು ಕಡೆ ಕೂರುತ್ತಿಲ್ಲ. ಅಮ್ಮ ತೊಳೆದ ಕ್ಯಾನುಗಳನ್ನೇ ಮತ್ತೆ ತೊಳೆಯುತ್ತಾಳೆ.

ಅತ್ತೆಗೆ ಒಂದು ಉಪಾಯ. "ಲೋ, ಮತ್ತೆ ಕರೆಯೋಕೆ ಶುರು ಮಾಡು. ನಾಲ್ಕು ದಿನ ಎಳೆದ್ರೆ ಒಂದು ಲೋಟನಾದ್ರೂ ಬರುತ್ತೆ. ಲಾರಿಯವನಿಗೆ ತೋರಿಸಿದ್ರಾಯ್ತು."

"ಕೆಚ್ಚಲು ಬಾವು ಬರುತ್ತೆ ಅಕ್ಕ. ಗಿಣ್ಣದ ಹಾಲು ಕೆಡುತ್ತೆ. ಕರು ಏನು ಕುಡಿಯುತ್ತೆ?"

"ತಾಯಿನೇ ಲಾರಿ ಹತ್ತಿದ ಮೇಲೆ ಕರು ಎಲ್ಲಿ ಬಂತೋ!"

ಸಂಜೆ ನೋಡಿದರೆ ಅಪ್ಪ ಬೂದಿಯ ಪಕ್ಕ ಕೂತು ಅವಳ ಕೆಚ್ಚಲ ಮೇಲೆ ಕೈಯಿಟ್ಟಿದ್ದರು. ಕರೆಯಲಿಲ್ಲ. ಸುಮ್ಮನೆ ಕೈಯಿಟ್ಟಿದ್ದರು.

ಮಾರ್ಚ್ 17, ಸೋಮವಾರ

ಕೂಗಿ ಕೂಗಿ ಅತ್ತೆಯ ಗಂಟಲು ಕಟ್ಟಿದೆ. ಗಾಳಿ ಮಾತ್ರ ಬರುತ್ತದೆ. ಸ್ಲೇಟಿನ ಮೇಲೆ ಬರೆದು ಬೈಯುತ್ತಾಳೆ.

ಇವತ್ತು ನಾನೊಬ್ಬಳೇ ಹೋದೆ. ಅರವತ್ತು ಬಾಟಲಿಯಲ್ಲಿ ಮೂವತ್ತೊಂದು ವಾಪಸ್ ಬಂತು. ಬಾಯಿ ತೆರೆದು, ಉಸಿರು ಎಳೆದುಕೊಂಡು, ಮುಂದಿನ ಮನೆಗೆ ಹೋಗುತ್ತಿದ್ದೆ. ಬಿಸಿಲಿಗೆ ಹಾಲು ಒಡೆಯಿತು. ಹಂದಿ ಸಾಕುವವನು ಬಂದು ಸಂತೋಷದಿಂದ ಒಯ್ದ. "ನಾಳೆನೂ ಇವರೇ ಹೋಗ್ತಾರಾ?" ಎಂದು ಕೇಳಿದ.

ಸ್ಲೇಟು: "ಇವಳಿಂದ ಊರ ಹಂದಿಗಳೆಲ್ಲ ದಪ್ಪಗಾಗ್ತವೆ."

ಮಾರ್ಚ್ 18, ಮಂಗಳವಾರ

ಕೂಗಲಾರೆ, ಬಾಗಿಲು ತಟ್ಟಬಹುದಲ್ಲ ಎಂದುಕೊಂಡೆ. ಮೆತ್ತಗೆ, ಎರಡೇ ಸಲ, ಮರ್ಯಾದೆಯಿಂದ.

ಹೊಲಿಗೆಯವಳ ಮನೆ ಮೂರನೇ ಮಹಡಿಯಲ್ಲಿ. ತಟ್ಟಿದೆ. ಒಳಗೆ ಹೊಲಿಗೆಯಂತ್ರ ನಿಂತಿತು. ತುಂಬ ಹೊತ್ತು ಏನೂ ಇಲ್ಲ. ಆಮೇಲೆ ಬಾಗಿಲು ಒಂದು ಬೆರಳಷ್ಟು ತೆರೆಯಿತು. ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ. ನನ್ನನ್ನು ನೋಡಿ, ಬಾಟಲಿ ನೋಡಿ, ಅಲ್ಲೇ ನೆಲಕ್ಕೆ ಕುಸಿದು ಕೂತಳು.

"ಹಾಲಾ? ಹಾಲು ಅಂತ ಕೂಗಬಾರದೇನೇ ಹಾಳಾದವಳೇ! ಮೆತ್ತಗೆ ಬಾಗಿಲು ತಟ್ಟೋರು ಯಾರು ಅಂತ ಗೊತ್ತಿಲ್ವಾ ನಿಂಗೆ?"

ಗೊತ್ತಿತ್ತು. ಸೇನೆಯಿಂದ ಸಾವಿನ ಕಾಗದ ತರುವವರು ಹಾಗೆ ತಟ್ಟುತ್ತಾರೆ. ಅವಳ ಗಂಡನೂ ಅಣ್ಣನ ತುಕಡಿಯಲ್ಲೇ ಇರುವುದು. ಅವಳಿಗಿಂತ ಮುಂಚೆ ನಾನು ಎಷ್ಟು ಬಾಗಿಲು ತಟ್ಟಿದ್ದೆ? ಹನ್ನೊಂದು. ಹನ್ನೊಂದು ಮನೆಯಲ್ಲಿ.

ಅವಳಿಗೆ ನೀರು ಕುಡಿಸಿ ಕೆಳಗೆ ಬಂದೆ. ಗಾಡಿಯ ಪಕ್ಕ ನಿಂತು "ಹಾಲು" ಅಂದೆ. ಯಾರನ್ನೋ ಅನುಮಾನದಿಂದ ಕೇಳಿದ ಹಾಗೆ ಬಂತು. ಮತ್ತೆ ಅಂದೆ. ನಾಲ್ಕನೆಯ ಸಲಕ್ಕೆ ಎದುರಿನ ಕಿಟಕಿ ತೆರೆಯಿತು. ಮನೆಗೆ ಬಂದಾಗ ಏಳು ಬಾಟಲಿ ಮಾತ್ರ ಉಳಿದಿದ್ದವು.

ಮಾರ್ಚ್ 19, ಬುಧವಾರ

ನಾಳೆ ಲಾರಿ.

ಅಪ್ಪನನ್ನು ಕೇಳಿದೆ, ಹೊಟ್ಟೆಯಲ್ಲಿ ಕರು ಇದೆ ಎಂದು ವೈದ್ಯರಿಲ್ಲದೆ ಹೇಗೆ ತೋರಿಸುವುದು? ಅಪ್ಪ ನನ್ನ ಕೈ ಹಿಡಿದು ಕೆಂಚಿಯ ಬಲಪಕ್ಕೆಗೆ ತಂದರು. ಹಿಂಗಾಲಿನ ಮುಂದೆ, ಪಕ್ಕೆಯ ಕೆಳಭಾಗ. ಬೆಳಗ್ಗೆ ಮೇವಿಗೆ ಮೊದಲು ತಣ್ಣನೆ ನೀರು ಕುಡಿಸಿದರೆ ಕರುವಿಗೆ ಚಳಿಯಾಗಿ ಒದ್ದಾಡುತ್ತದಂತೆ. "ಕಣ್ಣಿಗೂ ಕಾಣುತ್ತೆ. ಆದ್ರೆ ನೋಡೋ ತಾಳ್ಮೆ ಯಾರಿಗಿದೆ ಈಗ," ಅಂದರು.

ಇಪ್ಪತ್ತೆರಡು ವರ್ಷ ಈ ಮನೆಯಲ್ಲಿದ್ದೇನೆ. ಇದು ನನಗೆ ಗೊತ್ತಿರಲಿಲ್ಲ. ಪರೀಕ್ಷೆಗೆ ಓದುತ್ತಿದ್ದೆ, ಆಗೆಲ್ಲ.

ಮಾರ್ಚ್ 20, ಗುರುವಾರ

ಬರೆದುಬಿಡಬೇಕು. ಮೂರು ಗಂಟೆಗೆ ಹಾಲು ಕರೆಯುವ ಹೊತ್ತು.

ಏಳಕ್ಕೆ ಲಾರಿ ಬಂತು. ಡ್ರೈವರ್ ಒಬ್ಬ, ಹಿಂದೆ ಇಬ್ಬರು ಹಗ್ಗದವರು, ಮತ್ತೆ ಮೇಲ್ವಿಚಾರಕರು. ತೆಳ್ಳಗಿನ ಮನುಷ್ಯ, ಯಾರದೋ ದೊಡ್ಡ ಅಳತೆಯ ಕೋಟು, ಕೆಮ್ಮು. ರಟ್ಟಿಗೆ ಸಿಕ್ಕಿಸಿದ ಹಾಳೆಯಲ್ಲಿ ನನ್ನದೇ ಅಕ್ಷರ ಕಾಣುತ್ತಿತ್ತು.

"ಮೂರು. ಯಾವ್ದು ತೋರ್ಸಿ ಯಜಮಾನ್ರೇ."

"ಅವು ಗಬ್ಬ ಸ್ವಾಮಿ," ಅಂದರು ಅಪ್ಪ.

"ಎಲ್ಲಾರ ಮನೆಯದೂ ಗಬ್ಬನೇ. ಬೆಳಗ್ಗಿಂದ ನಾಲ್ಕು ಮನೆ ನೋಡಿದೆ, ಒಂದ್ಕಡೆ ಹೋರಿನೂ ಗಬ್ಬ ಅಂದ್ರು."

ಹಗ್ಗದವರು ನಕ್ಕರು. ನಾನು ಒಳಗೆ ಓಡಿದೆ. ಹಾಲಿನ ಕ್ಯಾನು ತಣ್ಣಗಾಗಲು ಇಡುವ ತೊಟ್ಟಿಯಿಂದ ಬಕೆಟ್ ತುಂಬಿ ತಂದು ಬೂದಿಯ ಮುಂದಿಟ್ಟೆ. ಕೈ ಜೋಮು ಹಿಡಿಯುವಷ್ಟು ತಣ್ಣನೆ ನೀರು. ಬೂದಿ ಒಂದೇ ಉಸಿರಿಗೆ ಕುಡಿದಳು. ಕೆಂಚಿಗೆ ಒಂದು ಬಕೆಟ್, ಸೊಟ್ಟಕೋಡಿಗೆ ಒಂದು.

"ಏನಮ್ಮ ಇದು, ಕಳಿಸೋ ಮುಂಚೆ ಉಪಚಾರನಾ?" ಅಂದರು ಮೇಲ್ವಿಚಾರಕರು. ಗಡಿಯಾರ ನೋಡಿಕೊಂಡು ಹಗ್ಗದವರಿಗೆ ಕೈಸನ್ನೆ ಮಾಡಿದರು.

ಆ ಕೈಯನ್ನೇ ಹಿಡಿದೆ. ಮಣಿಕಟ್ಟಿನಲ್ಲಿ. ಎಳೆದು ಬೂದಿಯ ಪಕ್ಕೆಗೆ ಒತ್ತಿ, ಮೇಲೆ ನನ್ನ ಕೈಯಿಟ್ಟು ಹಿಡಿದುಕೊಂಡೆ. ಅವರು "ಏಯ್" ಅಂದರು. ನಾನು ಬಿಡಲಿಲ್ಲ. ಏನೂ ಆಗಲಿಲ್ಲ. ಬೂದಿ ಬಾಲ ಬೀಸಿದಳು. ಇನ್ನೂ ಏನೂ ಆಗಲಿಲ್ಲ. ಅವರ ಕೋಟಿನಿಂದ ಹೊಗೆಸೊಪ್ಪಿನ ವಾಸನೆ ಬರುತ್ತಿತ್ತು. ಆಮೇಲೆ ಒಳಗಿನಿಂದ ಒಂದು ಗುದ್ದು. ನನ್ನ ಕೈಯೂ ಅವರ ಕೈಯೂ ಒಟ್ಟಿಗೆ ಹಾರಿದವು.

"ಒದೀತು," ಅಂದರು.

"ನಿಮಗೇ ಒದ್ದಿದ್ದು," ಅಂದೆ.

ಕೆಂಚಿಯದ್ದು ಹೊರಗಿನಿಂದಲೇ ಕಾಣಿಸಿತು, ಚರ್ಮದಡಿ ಯಾರೋ ಮೊಣಕೈ ಆಡಿಸಿದ ಹಾಗೆ. ಸೊಟ್ಟಕೋಡಿಯದ್ದು ಎಷ್ಟು ಹೊತ್ತಾದರೂ ಅಲುಗಲಿಲ್ಲ. ನಾನು ಕೈ ತೆಗೆದರೂ ಅವರು ತಮ್ಮ ಕೈಯಿಟ್ಟೇ ನಿಂತಿದ್ದರು, ತಲೆ ಒಂದು ಕಡೆ ವಾಲಿಸಿ. ಕೊನೆಗೆ "ಹ್ಞಾಂ" ಅಂದು ಅಂಗೈಯನ್ನು ಕೋಟಿಗೆ ಒರೆಸಿಕೊಂಡರು. ಆಮೇಲೂ ಅದನ್ನೇ ನೋಡಿಕೊಳ್ಳುತ್ತಿದ್ದರು.

"ಮೂರೂ ಬಿಡ್ತೀನಿ, ಈದ ಮೇಲೆ ಬಂದು ನೋಡ್ತೀನಿ ಅಂತ ಬರ್ಕೋತೀನಿ. ಆದ್ರೆ ಈ ಮನೆಯಿಂದ ಬರಿಗೈಲಿ ಹೋದ್ರೆ ನನ್ನ ಕತ್ತು ಹೋಗುತ್ತೆ. ಒಂದಾದ್ರೂ ಹತ್ತಬೇಕು. ಯಾವ್ದು ಅಂತ ನೀವೇ ಹೇಳಿ. ನಾನು ಆರಿಸಿದ್ರೆ ದಪ್ಪಗಿರೋದನ್ನ ಆರಿಸ್ತೀನಿ."

ಅಮ್ಮ ಅಪ್ಪನನ್ನು ನೋಡಿ, ಆಮೇಲೆ ಯಾಕೋ ನನ್ನನ್ನು ನೋಡಿದಳು.

"ಅಜ್ಜಿ," ಅಂದೆ.

ಜೋರಾಗಿಯೇ ಅಂದಿರಬೇಕು. ಲಾರಿಯೊಳಗಿದ್ದ ಡ್ರೈವರ್ ತಿರುಗಿ ನೋಡಿದ. ಮೇಲ್ವಿಚಾರಕರು ಅತ್ತೆಯನ್ನು ನೋಡಿದರು. "ನಾನಲ್ಲಪ್ಪ," ಎಂದು ಅತ್ತೆ ಬರೀ ಗಾಳಿಯಂಥ ದನಿಯಲ್ಲಿ ಅಂದಳು, ಹಾಗಂದವಳೇ ಅಳತೊಡಗಿದಳು.

ಹಗ್ಗವೇ ಬೇಕಾಗಲಿಲ್ಲ. ಲಾರಿಗೆ ಹಲಗೆ ಇಳಿಸಿದರು, ಅಜ್ಜಿ ಅದನ್ನು ಮೂಸಿ ನೋಡಿದಳು, ತಲೆ ತಗ್ಗಿಸಿ ಹತ್ತಿದಳು. ಅವಳು ಯಾವ ಬಾಗಿಲಿಗೂ ಹೆದರಿದವಳಲ್ಲ. ಅವಳು ಹತ್ತಿದ್ದೇ ತಡ, ಬಯಲಿಗೆಂದು ಬಿಚ್ಚಿದ್ದ ಉಳಿದವೂ ಹೊರಟವು. ಮೊದಲು ಚುಕ್ಕೆ ಹಸು, ಅದರ ಹಿಂದೆ ಬೂದಿ, ಆಮೇಲೆ ಎಲ್ಲವೂ, ದಿನಾ ಕೊಟ್ಟಿಗೆಗೆ ಹೋಗುವ ಹಾಗೆ ಸಾಲಾಗಿ, ಅವಸರವಿಲ್ಲದೆ. ಚುಕ್ಕೆಯ ಮುಂಗಾಲು ಆಗಲೇ ಹಲಗೆಯ ಮೇಲಿತ್ತು. ಅಮ್ಮ ಖಾಲಿ ಕ್ಯಾನು ಬಡಿದಳು, ಅಪ್ಪ ಕುಂಟುತ್ತಾ ಅಡ್ಡ ನಿಂತರು, ಹಗ್ಗದವರೂ ಕೈ ಸೇರಿಸಿದರು. ನಾನು ಚುಕ್ಕೆಯ ಕೊಂಬು ಹಿಡಿದು ಹಿಂದಕ್ಕೆ ತಳ್ಳಿದೆ. ಏನೋ ಕೂಗುತ್ತಿದ್ದೆ. ಏನೆಂದು ನೆನಪಿಲ್ಲ.

ಬಾಗಿಲು ಹಾಕಿದ ಮೇಲೆ ಅಜ್ಜಿ ಒಂದು ಸಲ ಕರೆದಳು. ಹಿಂದೆ ಯಾರೂ ಬರಲಿಲ್ಲವಲ್ಲ ಎಂದು.

ಮಾರ್ಚ್ 21, ಶುಕ್ರವಾರ

ಗೋದಲಿ ತೊಳೆದೆ. ಎಂಟು ಗೋದಲಿ.

ಮಾರ್ಚ್ 24, ಸೋಮವಾರ

ಹಸುಗಳು ಒಳಗೆ ಬರುತ್ತಿಲ್ಲ. ಮೂರು ಗಂಟೆಗೆ ಸರಿಯಾಗಿ ಗೇಟಿಗೆ ಬಂದು ನಿಲ್ಲುತ್ತವೆ, ಅಜ್ಜಿ ನಿಲ್ಲುತ್ತಿದ್ದ ಜಾಗ ಬಿಟ್ಟು. ಒಂದರ ಮುಖ ಒಂದು ನೋಡುತ್ತವೆ. ಅಪ್ಪ ಚುಕ್ಕೆಯನ್ನು ಎಳೆದು ತಂದರೆ ಅದು ಹೊಸ್ತಿಲಲ್ಲಿ ತಿರುಗಿ ವಾಪಸ್ ಓಡುತ್ತದೆ. ಹಿಂಡಿ ತೋರಿಸಿದರೂ ಇಲ್ಲ. ಒಂದೊಂದನ್ನೇ ಎಳೆದು ಕಟ್ಟುವಷ್ಟರಲ್ಲಿ ಒಂದೂವರೆ ತಾಸು. ಹೆದರಿದ ಹಸು ಹಾಲು ಬಿಡುವುದಿಲ್ಲ. ಅರ್ಧಕ್ಕರ್ಧ ಕಡಿಮೆ.

ಅತ್ತೆಗೆ ದನಿ ಸ್ವಲ್ಪ ಬಂದಿದೆ. "ನಾಳೆಯಿಂದ ಗಾಡಿ ನಾನು ತಗೊಂಡು ಹೋಗ್ತೀನಿ," ಅಂದಳು. "ಬೇಡ, ನೀನು ಬಾಟಲಿ ಇಡು," ಅಂದೆ. ಯಾಕೆ ನನ್ನನ್ನು ಹಾಗೆ ನೋಡಿದಳೋ.

ಏಪ್ರಿಲ್ 2, ಬುಧವಾರ

ಅಣ್ಣನ ಕಾರ್ಡು ಬಂತು. ಯುದ್ಧಭೂಮಿಯಿಂದ ಬರುವುದು ಅಚ್ಚು ಹಾಕಿದ ಕಾರ್ಡು ಮಾತ್ರ. ಬೇಡದ ಸಾಲನ್ನು ಹೊಡೆದುಹಾಕಬೇಕು. 'ಗಾಯಗೊಂಡಿದ್ದೇನೆ' ಹೊಡೆದಿದೆ. 'ಆಸ್ಪತ್ರೆಯಲ್ಲಿದ್ದೇನೆ' ಹೊಡೆದಿದೆ. 'ಕ್ಷೇಮವಾಗಿದ್ದೇನೆ' ಉಳಿದಿದೆ. ಸ್ವಂತದ್ದೇನಾದರೂ ಬರೆದರೆ ಕಾರ್ಡು ಹರಿದು ಬಿಸಾಡುತ್ತಾರಂತೆ. ಆದರೂ ಒಂದು ಮೂಲೆಯಲ್ಲಿ, ಸೆನ್ಸಾರಿನವರ ಕಣ್ಣಿಗೆ ಬೀಳದಷ್ಟು ಸಣ್ಣದಾಗಿ, ಪೆನ್ಸಿಲಿನಲ್ಲಿ ಒಂದು ಹಸುವಿನ ತಲೆ. ಒಂದು ಕಿವಿ ಹರಿದಿದೆ. ಅಜ್ಜಿಯ ಕಿವಿ.

ಅಪ್ಪ ಕಾರ್ಡನ್ನು ನನ್ನ ಕೈಗೆ ಕೊಟ್ಟರು. "ನೀನು ಬರೀತೀಯಲ್ಲ ಅವನಿಗೆ." ಹೌದು, ಎಂಟೆಂಟು ಪುಟ ಬರೆಯುತ್ತಿದ್ದೆ. ಮೋಡದ ಬಣ್ಣದ ಬಗ್ಗೆ ಎರಡು ಪುಟ ಬರೆದದ್ದೂ ಉಂಟು.

ಇವತ್ತು ಬರೆಯಲಿಲ್ಲ.

ಏಪ್ರಿಲ್ 5, ಶನಿವಾರ

ಮತ್ತೆ ಫಾರಂ. ಈ ಸಲವೂ ಅದೇ ಎರಡು ಕಾಲಂ. ಸ್ಕೇಲು ಇಟ್ಟು ನಡುವೆ ಒಂದು ಗೆರೆ ಎಳೆದು, ಮೇಲೆ 'ಗಬ್ಬ' ಎಂದು ಬರೆದು, ಕೆಳಗೆ ಮೂರು ಎಂದು ತುಂಬಿದೆ. ಡಬ್ಬಿಗೆ ಹಾಕಲಿಲ್ಲ, ಕಿಟಕಿಗೇ ಒಯ್ದೆ.

"ಸರ್ಕಾರಿ ಫಾರಂ ಮೇಲೆ ಗೆರೆ ಎಳೆಯೋ ಹಾಗಿಲ್ಲಮ್ಮ," ಅಂದರು ಅದೇ ಗುಮಾಸ್ತರು.

"ಹಾಗಾದ್ರೆ ಗೆರೆ ಇರೋ ಫಾರಂ ಕೊಡಿ. ಇಲ್ಲಾಂದ್ರೆ ಊರಲ್ಲಿರೋ ಗಬ್ಬದ ಹಸುನೆಲ್ಲ ಲಾರಿಗೆ ಹತ್ತಿಸಿ, ಬರೋ ವರ್ಷ ಆಸ್ಪತ್ರೆಗೆ ಹಾಲು ನೀವೇ ಕೊಡಿ."

"ಸಣ್ಣಗೆ ಮಾತಾಡಮ್ಮ, ಒಳಗೆ ಸಾಹೇಬ್ರಿದ್ದಾರೆ."

"ಅವರಿಗೂ ಕೇಳಲಿ."

ಮುದ್ರೆ ಒತ್ತಿ ತೆಗೆದುಕೊಂಡರು. ನನ್ನ ಹಿಂದಿದ್ದ ಇಬ್ಬರು ಸ್ಕೇಲು ಇಸಿದುಕೊಂಡರು. ವಾಪಸ್ ಕೊಡಲಿಲ್ಲ. ಒಳ್ಳೇ ಸ್ಕೇಲು, ಕಾಲೇಜಿನದು. ಅದೊಂದು ಬೇಜಾರು.

ಏಪ್ರಿಲ್ 9, ಬುಧವಾರ

ಬೆಳಗ್ಗೆ ಬೂದಿ ಈದಳು. ಹೆಣ್ಣು ಕರು. ಎದ್ದು ನಿಲ್ಲುವ ಮೊದಲೇ ಅಪ್ಪನ ಮೊಣಕಾಲಿಗೆ ಒದ್ದಿತು. ಅದೂ ನೋವಿರುವ ಮೊಣಕಾಲಿಗೇ. ಅಪ್ಪ ಈ ಸಲ ತಕ್ಷಣ ನಕ್ಕರು.

ಕೊಟ್ಟಿಗೆಗೆ ಬರುವುದು ಸರಿಯಾಗಿದೆ. ಆದದ್ದು ಶುಕ್ರವಾರ, ಬರೆಯಲು ಮರೆತಿದ್ದೆ. ಎಳೆದೂ ಎಳೆದೂ ಅಪ್ಪನಿಗೆ ಸುಸ್ತಾಗಿತ್ತು. ನಾನು ಗೇಟಿಗೆ ಹೋಗಿ ಅಜ್ಜಿ ನಿಲ್ಲುತ್ತಿದ್ದ ಜಾಗದಲ್ಲಿ ನಿಂತೆ. ಅವುಗಳಿಗೆ ಬೆನ್ನು ಹಾಕಿ, ಅಣ್ಣನ ಹಾಗೆ "ಹೋ... ಬಾ ಬಾ ಬಾ" ಎಂದು ಕೂಗುತ್ತಾ ಒಳಗೆ ನಡೆದೆ. ತಿರುಗಿ ನೋಡಬಾರದು ಅನಿಸಿತು, ಅಜ್ಜಿ ನೋಡುತ್ತಿರಲಿಲ್ಲ. ಮೊದಲು ಏನೂ ಕೇಳಿಸಲಿಲ್ಲ. ಆಮೇಲೆ ಕಲ್ಲುಹಾಸಿನ ಮೇಲೆ ಒಂದು ಗೊರಸು. ಇನ್ನೊಂದು. ಆಮೇಲೆ ಎಲ್ಲವೂ. ಚುಕ್ಕೆಯ ಉಸಿರು ನನ್ನ ಬೆನ್ನಿಗೇ ತಾಗುತ್ತಿತ್ತು. ಲಾರಿಯ ಹಲಗೆಯ ಮೇಲೂ ಹೀಗೇ ಬಂದಿದ್ದವು, ಇದೇ ಸಾಲು, ಇದೇ ನಿಧಾನ. ಇದೇ ನಂಬಿಕೆ. ನಾನು ನಡೆಯುವುದನ್ನು ನಿಲ್ಲಿಸಲಿಲ್ಲ.

ಅಣ್ಣನಿಗೆ ಇವತ್ತು ಬರೆದೆ. ಪೂರ್ತಿ ಕಾಗದ ಇಷ್ಟೇ:

"ಅಣ್ಣಾ, ಅಜ್ಜಿ ಇಲ್ಲ. ಮಾರ್ಚ್ 20ಕ್ಕೆ ಸೇನೆಯ ಲಾರಿ ಹತ್ತಿದಳು. ಅವಳ ಹೆಸರು ಹೇಳಿದ್ದು ಅಪ್ಪ ಅಲ್ಲ, ನಾನು. ಅವಳು ಹೋಗಿದ್ದಕ್ಕೆ ಮೂರು ಗಬ್ಬದವು ಉಳಿದವು. ಬೂದಿಗೆ ಹೆಣ್ಣು ಕರು. ನೀನು ಬಂದು ಬೈಯಬಹುದು. ಬಂದೇ ಬೈಯಬೇಕು, ಕಾರ್ಡಿನಲ್ಲಿ ಅಲ್ಲ."

ಎರಡು ಸಲ ಓದಿದೆ. ಸೇರಿಸುವುದು ಏನೂ ಕಾಣಲಿಲ್ಲ. ಅಂಟಿಸಿದೆ.

ಮೂರು ಗಂಟೆಯಾಯಿತು. ಗೇಟಿನಲ್ಲಿ ಬಂದು ನಿಂತಿವೆ. ಅತ್ತೆ ಕರೆಯುತ್ತಿದ್ದಾಳೆ, "ಏ ಹಾಲಿನವಳೇ, ನಿನ್ನ ಸೈನ್ಯ ಕಾಯ್ತಾ ಇದೆ!" ಹೋಗಿ ಮುಂದೆ ನಡೆಯಬೇಕು.